ಶೂನ್ಯವನ್ನು ಅರಸಿದವರು

೧೮೫೮ರ ಆಗಸ್ಟ್ ತಿಂಗಳಲ್ಲಿ, ಐರ್ಲೆಂಡಿನಿಂದ ನ್ಯೂಫೌಂಡ್‌ಲೆಂಡಿನವರೆಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಮೊತ್ತಮೊದಲ ತಂತಿಯ ಮೂಲಕ ವಿಕ್ಟೋರಿಯಾ ರಾಣಿಯು ಅಮೆರಿಕದ ಅಧ್ಯಕ್ಷ ಬುಕ್ಯಾನನ್ನರಿಗೆ ಕಳುಹಿಸಿದ ಅಭಿನಂದನ ಸಂದೇಶದಲ್ಲಿ ಇದ್ದವು ೯೮ ಪದಗಳು. ಅವೆಲ್ಲವೂ ಆಚೆಯ ದಡವನ್ನು ಸೇರುವುದಕ್ಕೆ ಹಿಡಿದ ಕಾಲ ಸುಮಾರು ೧೬ ಗಂಟೆ. ವಿದ್ಯುತ್ತಿಗೆ ವೇಗದ ಕೊರತೆಯೇನೂ ಇರಲಿಲ್ಲ. ಆದರೆ ಈಚೆಯ ದಡದಲ್ಲಿ ಕ್ಷಣಮಾತ್ರ ಒತ್ತಿ ಬಿಟ್ಟ ಸ್ಪಂದವು ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕ ತಾಮ್ರವನ್ನು ಹಾಯ್ದು ಹೊರಬರುವ ವೇಳೆಗೆ ತನ್ನ ತೀಕ್ಷ್ಣಾಕಾರವನ್ನು ಕಳೆದುಕೊಂಡು, ಮೆಲ್ಲಗೆ ಏರಿ ಇನ್ನೂ ಮೆಲ್ಲಗೆ ಇಳಿಯುವ ನೀಳವಾದ ಉಬ್ಬಾಗಿ ಮಾರ್ಪಡುತ್ತಿದ್ದುದರಿಂದ, ಒಂದರ ಬಾಲವು ಅಡಗುವ ಮೊದಲೇ ಇನ್ನೊಂದನ್ನು ಕಳುಹಿಸಿದರೆ ಎರಡೂ ಬೆರೆತು ಅಕ್ಷರವೇ ತಿಳಿಯದಂತಾಗುತ್ತಿತ್ತು. ಗ್ಲಾಸ್ಗೋ ವಿಶ್ವವಿದ್ಯಾಲಯದ ವಿಲಿಯಂ ಥಾಮ್ಸನ್ನರು, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಖ್ಯಾತರಾದವರು, ಈ ವಿಳಂಬವು ತಂತಿಯ ಉದ್ದದ ವರ್ಗಕ್ಕೆ ಅನುಸಾರವಾಗಿ ಬೆಳೆಯುವುದೆಂದು ಅದಕ್ಕೆ ಕೆಲವು ವರ್ಷ ಮೊದಲೇ ಗಣಿತದಿಂದ ತೋರಿಸಿದ್ದರು. ತಂತಿಯನ್ನು ಹಾಸಿದ ಕಂಪನಿಯ ವಿದ್ಯುತ್ ತಜ್ಞ ವೈಟ್‌ಹೌಸರು ಅದನ್ನು ಒಪ್ಪದೆ, ಸಾವಿರಾರು ವೋಲ್ಟುಗಳ ಬಲದಿಂದ ಸಂಕೇತವನ್ನು ನೂಕಲು ಯತ್ನಿಸಿದರು. ತಂತಿಯು ಕೆಲವೇ ವಾರಗಳಲ್ಲಿ ಮೂಕವಾಯಿತು. ಅವರ ಹಟವೇ ಅದನ್ನು ಕೆಡಿಸಿತೋ, ಅಥವಾ ತಯಾರಿಕೆಯ ದೋಷಗಳಿಂದ ಅದು ಹೇಗೂ ಕೆಡಲಿತ್ತೋ ಎಂಬುದರಲ್ಲಿ ಇತಿಹಾಸಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ.

ತಾಮ್ರದ ಈ ವ್ಯಾಧಿಗೆ ಮದ್ದನ್ನು ಸೂಚಿಸಿದವರು ಆಲಿವರ್ ಹೆವಿಸೈಡ್. ೧೮೮೭ರಲ್ಲಿ ಅವರು ಹೇಳಿದ ಮಾತು ಅಂದಿನ ತಂತಿ ಇಲಾಖೆಯವರಿಗೆ ವಿಪರೀತವಾಗಿ ಕೇಳಿಸಿತು. ಸಂಕೇತಕ್ಕೆ ಹಾನಿಕರವೆಂದು ಎಲ್ಲರೂ ದೂರವಿಡುತ್ತಿದ್ದ ಸ್ವಪ್ರೇರಣೆಯೆಂಬ ಗುಣವನ್ನು ತಂತಿಗೆ ಬೇಕೆಂದೇ ಸೇರಿಸಿದರೆ ಸ್ಪಂದವು ತನ್ನ ಆಕಾರವನ್ನು ಉಳಿಸಿಕೊಳ್ಳುವುದೆಂಬುದು ಅವರ ಪ್ರತಿಪಾದನೆ. ಬ್ರಿಟಿಷ್ ಅಂಚೆ ಇಲಾಖೆಯ ಪ್ರೀಸರು ಅದನ್ನು ಬಲವಾಗಿ ವಿರೋಧಿಸಿದರು. ಹತ್ತು ಹನ್ನೆರಡು ವರ್ಷಗಳ ತರುವಾಯ ಅಮೆರಿಕದಲ್ಲಿ ಕ್ಯಾಂಬೆಲ್ ಮತ್ತು ಪ್ಯೂಪಿನ್ ಎಂಬಿಬ್ಬರು ತಂತಿಯುದ್ದಕ್ಕೂ ಅಲ್ಲಲ್ಲಿ ಸುರುಳಿಗಳನ್ನು ಜೋಡಿಸಿ ಹೆವಿಸೈಡರ ಮಾತನ್ನು ನಿಜಮಾಡಿದರು. ಒಂದು ಗುಣವನ್ನು ದೋಷವೆಂದು ದೂರವಿಡುವುದಕ್ಕಿಂತ ಅದನ್ನು ಅಳತೆಯರಿತು ಬಳಸಿಕೊಳ್ಳುವುದೇ ಮೇಲೆಂಬ ಈ ಪಾಠವನ್ನು, ನೂರು ವರ್ಷಗಳ ಅನಂತರ ತಾಮ್ರದ ಬದಲಿಗೆ ಗಾಜನ್ನೂ ವಿದ್ಯುತ್ತಿನ ಬದಲಿಗೆ ಬೆಳಕನ್ನೂ ಹಿಡಿದ ಇಂಜಿನಿಯರರು ಮತ್ತೆ ಮೊದಲಿನಿಂದ, ಬಹಳ ವೆಚ್ಚಮಾಡಿ ಕಲಿಯಬೇಕಾಯಿತು. ನಾನು ಇಲ್ಲಿ ಹೇಳಹೊರಟಿರುವುದು ಆ ಕಲಿಕೆಯ ವೃತ್ತಾಂತವನ್ನು.

ಗಾಜಿನ ಎಳೆಯ ದೂರಸಂಪರ್ಕಕ್ಕೆ ಜನ್ಮಪತ್ರವೆನ್ನಬಹುದಾದ ಪ್ರಬಂಧವು ೧೯೬೬ರ ಜುಲೈಯಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಹಾರ್ಲೋ ಪಟ್ಟಣದ ಸ್ಟ್ಯಾಂಡರ್ಡ್ ಟೆಲಿಕಮ್ಯುನಿಕೇಶನ್ ಪ್ರಯೋಗಾಲಯದಲ್ಲಿದ್ದ, ಶಾಂಘೈ ಸಂಜಾತರಾದ ಚಾರ್ಲ್ಸ್ ಕಾವ್ ಮತ್ತು ಅವರ ಸಹೋದ್ಯೋಗಿ ಜಾರ್ಜ್ ಹಾಕಮ್ ಅದರ ಕರ್ತೃಗಳು. ಅಂದಿನ ಗಾಜಿನಲ್ಲಿ ಬೆಳಕು ಕಿಲೋಮೀಟರಿಗೆ ಸುಮಾರು ೧೦೦೦ ಡೆಸಿಬೆಲ್ ಕ್ಷಯಿಸುತ್ತಿತ್ತು. ಅದನ್ನು ೨೦ ಡೆಸಿಬೆಲ್ಲಿಗೆ ಇಳಿಸಿದರೆ, ಎಂದರೆ ಹೊಕ್ಕ ಬೆಳಕಿನ ನೂರರಲ್ಲೊಂದು ಪಾಲು ಕಿಲೋಮೀಟರಿನ ಕೊನೆಗೆ ಉಳಿದರೆ, ದೂರವಾಣಿಗೆ ಸಾಕೆಂದು ಅವರು ಲೆಕ್ಕಹಾಕಿದರು. ನಾಲ್ಕೇ ವರ್ಷಗಳಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ಮಾರರ್, ಕೆಕ್ ಮತ್ತು ಶುಲ್ಟ್ಸ್ ೧೭ ಡೆಸಿಬೆಲ್ಲಿನ ಎಳೆಯನ್ನು ತೆಗೆದರು. ಇದಕ್ಕೂ ಮೊದಲು, ೧೯೫೪ರಲ್ಲಿಯೇ, ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ತಮ್ಮ ಗುರು ಹಾಪ್ಕಿನ್ಸರೊಡನೆ ಎಳೆಗಳ ಕಂತೆಯ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದ್ದರು. ೨೦೦೯ರ ನೊಬೆಲ್ ಪ್ರಶಸ್ತಿಯಲ್ಲಿ ಕಾವ್ ಅವರ ಹೆಸರಿದ್ದು ಕಪಾನಿಯವರದು ಇಲ್ಲದೆಹೋದುದರ ಚರ್ಚೆ ಇನ್ನೂ ನಿಂತಿಲ್ಲ. ಚಿತ್ರವನ್ನು ಸಾಗಿಸುವ ಕೆಲಸಕ್ಕೂ ಸ್ಪಂದವನ್ನು ದೂರ ಸಾಗಿಸುವ ಕೆಲಸಕ್ಕೂ ಇರುವ ಅಂತರವನ್ನು ನೆನೆದರೆ ಸಮಿತಿಯ ತೀರ್ಮಾನಕ್ಕೆ ಆಧಾರವಿತ್ತೆಂದೇ ನನಗೆ ತೋರುತ್ತದೆ. ಆದರೂ ಕಪಾನಿಯವರ ಪಾಲು ಅಲ್ಪವಾದುದೇನಲ್ಲ.

ಬೆಳಕು ಉಳಿಯುವುದೆಂಬ ಭರವಸೆ ಬಂದೊಡನೆ ಎರಡನೆಯ ಪ್ರಶ್ನೆ ಮುಂದೆ ಬಂದು ನಿಂತಿತು: ಉಳಿದ ಬೆಳಕು ಯಾವ ಆಕಾರದಲ್ಲಿ ಉಳಿಯುವುದು? ಎಳೆಯ ನಡುವಿನ ತಿರುಳಿನ ವಕ್ರೀಭವನಾಂಕವು ಸುತ್ತಣ ಹೊದಿಕೆಯದಕ್ಕಿಂತ ತುಸು ಹೆಚ್ಚಾಗಿರುವುದರಿಂದ ಬೆಳಕು ಒಳಗೇ ಪ್ರತಿಫಲಿಸುತ್ತ ಮುಂದೆ ಸಾಗುವುದಷ್ಟೆ. ತಿರುಳು ಅಗಲವಾಗಿದ್ದರೆ ಕೆಲವು ಕಿರಣಗಳು ನೆಟ್ಟಗೆ ನಡೆಯುವುವು, ಕೆಲವು ಗೋಡೆಯಿಂದ ಗೋಡೆಗೆ ಬಡಿದು ವಕ್ರವಾಗಿ ನಡೆಯುವುವು. ಒಂದೇ ಊರಿನಿಂದ ಒಂದೇ ಘಳಿಗೆಗೆ ಹೊರಟ ಯಾತ್ರಿಕರಲ್ಲಿ ನೇರದಾರಿ ಹಿಡಿದವರು ಸಂಜೆಗೇ ಕ್ಷೇತ್ರವನ್ನು ಸೇರಿ, ಬಳಸುದಾರಿ ಹಿಡಿದವರು ರಾತ್ರಿಯಾದ ಮೇಲೆ ಒಬ್ಬೊಬ್ಬರಾಗಿ ಬಂದಂತೆ, ಒಂದೇ ಸ್ಪಂದದ ಕಿರಣಗಳು ಆಚೆಯ ತುದಿಯನ್ನು ಬೇರೆಬೇರೆ ಗಳಿಗೆಗಳಲ್ಲಿ ಸೇರುವುವು. ತಿರುಳಿಗೂ ಹೊದಿಕೆಗೂ ವಕ್ರೀಭವನಾಂಕದಲ್ಲಿ ನೂರಕ್ಕೊಂದರಷ್ಟು ಅಂತರವಿದ್ದರೆ ಕಿಲೋಮೀಟರೊಂದಕ್ಕೆ ಸುಮಾರು ೫೦ ನ್ಯಾನೋಸೆಕೆಂಡ್ ಹರಡಿಕೆ ಉಂಟಾಗುವುದು. ನ್ಯಾನೋಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲು, ಅಲ್ಪವೆಂದು ಕಂಡೀತು. ಆದರೆ ಹತ್ತು ಕಿಲೋಮೀಟರ್ ನಡೆದಮೇಲೆ ಅಂಥ ಎಳೆಯು ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೆ ಮೀರಿದ ಸ್ಪಂದಗಳನ್ನು ಬಿಡಿಬಿಡಿಯಾಗಿ ಒಪ್ಪಿಸಲಾರದು. ಬೆಳಕಿನಿಂದ ಅಪಾರವಾದ ಸಾಮರ್ಥ್ಯವನ್ನು ನಿರೀಕ್ಷಿಸಿದವರಿಗೆ ಇದು ದೊಡ್ಡ ಆಶಾಭಂಗ.

ಪರಿಹಾರಕ್ಕೆ ಎರಡು ಮಾರ್ಗಗಳಿದ್ದುವು. ತಿರುಳನ್ನು ಕೆಲವೇ ಮೈಕ್ರೋಮೀಟರುಗಳಿಗೆ ಕಿರಿದಾಗಿಸಿ ಒಂದೇ ಹಾದಿಯನ್ನು ಉಳಿಸುವುದು ಒಂದು. ಕಾವ್ ಮತ್ತು ಹಾಕಮ್ ಮೊದಲೇ ಸೂಚಿಸಿದ್ದುದು ಇಂಥ ಏಕಪಥದ ಎಳೆಯನ್ನೇ. ಆದರೆ ಕೂದಲಿನ ದಪ್ಪದ ಹತ್ತನೆಯ ಒಂದು ಪಾಲಿನಷ್ಟು ತಿರುಳುಳ್ಳ ಎರಡು ತುದಿಗಳನ್ನು ಬೀದಿಯ ಗುಂಡಿಯಲ್ಲಿ ಕುಳಿತು ಕೆಲಸಗಾರನೊಬ್ಬನು ಒಂದಕ್ಕೊಂದು ಎದುರುಬದುರಾಗಿ ನಿಲ್ಲಿಸಿ ಬೆಸೆಯುವನೆಂದು ಅಂದು ನಂಬಿದವರು ವಿರಳ. ಆದುದರಿಂದ ಬಹುಮಂದಿ ಎರಡನೆಯ ಮಾರ್ಗವನ್ನು ಹಿಡಿದರು. ಜಪಾನಿನ ತೋಹೋಕು ವಿಶ್ವವಿದ್ಯಾಲಯದ ನಿಶಿಜಾವಾ ೧೯೬೪ರಷ್ಟು ಹಿಂದೆಯೇ ಮುಂದಿಟ್ಟಿದ್ದ ಕಲ್ಪನೆ ಅದು: ತಿರುಳಿನ ವಕ್ರೀಭವನಾಂಕವನ್ನು ನಡುವಿನಲ್ಲಿ ಅಧಿಕವಾಗಿಸಿ ಅಂಚಿನ ಕಡೆಗೆ ಕ್ರಮಕ್ರಮವಾಗಿ ಇಳಿಸಿದರೆ, ಬಳಸುದಾರಿಯ ಕಿರಣವು ಅಂಚಿನ ತೆಳುಪ್ರದೇಶದಲ್ಲಿ ವೇಗವಾಗಿ ಓಡಿ, ಹೆಚ್ಚಾದ ದೂರವನ್ನು ಹೆಚ್ಚಾದ ವೇಗದಿಂದ ತುಂಬಿಕೊಡುವುದು. ಈ ಇಳಿತದ ರೇಖೆಯು ಬಹುಮಟ್ಟಿಗೆ ಪರವಲಯದಂತಿರಬೇಕೆಂದು ಬೆಲ್ ಪ್ರಯೋಗಾಲಯದ ಗ್ಲೋಗೆ ಮತ್ತು ಮಾರ್ಕಟಿಲಿ ೧೯೭೩ರಲ್ಲಿ ಗಣಿಸಿದರು. ಅದೇ ಸಂಸ್ಥೆಯ ಜಾನ್ ಮ್ಯಾಕ್‌ಚೆಸ್ನಿ ಮತ್ತು ಸಂಗಡಿಗರು ಗಾಜಿನ ಕೊಳವೆಯೊಳಗೆ ಅನಿಲಗಳನ್ನು ಉರಿಸಿ ಪದರದ ಮೇಲೆ ಪದರವಾಗಿ ಗಾಜನ್ನು ಕೂಡಿಸುವ ವಿಧಾನವನ್ನು ರೂಪಿಸಿ ಆ ರೇಖೆಯನ್ನು ವಸ್ತುವಿನಲ್ಲಿ ಮೂಡಿಸಿದರು. ಐವತ್ತು ನ್ಯಾನೋಸೆಕೆಂಡಿನ ಹರಡಿಕೆಯು ಒಂದಕ್ಕೆ, ಅದಕ್ಕಿಂತಲೂ ಕೆಳಕ್ಕೆ ಇಳಿಯಿತು. ೧೯೭೭ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯದ ಲಾಂಗ್ ಬೀಚಿನಲ್ಲಿ ಸೆಕೆಂಡಿಗೆ ೬೦ ಲಕ್ಷ ಸ್ಪಂದಗಳಂತೆಯೂ, ಮರುತಿಂಗಳು ಷಿಕಾಗೋ ನಗರದ ನೆಲದಡಿಯಲ್ಲಿ ನಾಲ್ಕೂವರೆ ಕೋಟಿಯಂತೆಯೂ ಸಾಮಾನ್ಯ ಜನರ ದೂರವಾಣಿ ಸಂಭಾಷಣೆಗಳು ಗಾಜಿನ ಮೂಲಕ ಹರಿದುವು.

ದಾರಿಯ ಭೇದದಿಂದಾಗುವ ಹರಡಿಕೆ ತಗ್ಗಿದ ಮೇಲೆ, ಅದರ ನೆರಳಿನಲ್ಲಿ ಅಡಗಿದ್ದ ಇನ್ನೊಂದು ಹರಡಿಕೆ ಕಣ್ಣಿಗೆ ಬಿತ್ತು. ಯಾವ ಬೆಳಕೂ ಕೇವಲ ಒಂದೇ ಬಣ್ಣದ್ದಲ್ಲ. ಗಾಜು ಒಂದೊಂದು ಬಣ್ಣವನ್ನು ಒಂದೊಂದು ವೇಗದಲ್ಲಿ ಒಯ್ಯುವುದು. ಪಟ್ಟಕದಲ್ಲಿ ಕಾಮನಬಿಲ್ಲನ್ನು ಬಿಡಿಸುವ ಗುಣವೇ ಎಳೆಯಲ್ಲಿ ಸ್ಪಂದವನ್ನು ಹಿಗ್ಗಿಸುವುದು. ಅಂದು ಬಳಕೆಯಲ್ಲಿದ್ದ ೦.೮೫ ಮೈಕ್ರೋಮೀಟರಿನ ಬೆಳಕಿಗೆ ಈ ಪೀಡೆ ತೀವ್ರವಾಗಿತ್ತು. ೧೯೭೫ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಪೇನ್ ಮತ್ತು ಅಲೆಕ್ ಗ್ಯಾಂಬ್ಲಿಂಗ್ ಒಂದು ಆಶ್ಚರ್ಯವನ್ನು ಲೋಕದ ಗಮನಕ್ಕೆ ತಂದರು: ಅತಿಕೆಂಪಿನೊಳಕ್ಕೆ ಇನ್ನಷ್ಟು ದೂರ ಹೋಗಿ ೧.೩ ಮೈಕ್ರೋಮೀಟರಿನ ಸಮೀಪಕ್ಕೆ ಬಂದರೆ ಗಾಜಿನ ಈ ದೋಷವು ತಾನಾಗಿಯೇ ಶೂನ್ಯವನ್ನು ಮುಟ್ಟಿ, ಆಚೆ ವಿರುದ್ಧ ಚಿಹ್ನೆಯಿಂದ ಮತ್ತೆ ಬೆಳೆಯುವುದು. ಮರುವರ್ಷ ಜಪಾನಿನ ಹೊರಿಗುಚಿ ಮತ್ತು ಒಸನಾಯಿ ಅದೇ ಪ್ರದೇಶದಲ್ಲಿ ಗಾಜು ಹಿಂದೆಂದಿಗಿಂತಲೂ ಪಾರದರ್ಶಕವಾಗಿರುವುದನ್ನು ತೋರಿಸಿದರು; ಅಮೆರಿಕದ ಲಿಂಕನ್ ಪ್ರಯೋಗಾಲಯದಲ್ಲಿ ಷೀ ಎಂಬವರು ಆ ಬಣ್ಣಕ್ಕೆ ಹತ್ತಿರದ ಲೇಸರನ್ನು ಸಿದ್ಧಪಡಿಸಿದರು. ಮೂರು ದೇಶಗಳಲ್ಲಿ ಹೀಗೆ ಮೂರು ಬೀಗಗಳು ಒಂದೆರಡು ವರ್ಷಗಳೊಳಗೆ ತೆರೆದುಕೊಂಡುದು ಈ ಚರಿತ್ರೆಯ ಮೊದಲ ಮಹಾಸಂಧಿ.

ಇನ್ನು ಏಕಪಥದ ಎಳೆಯನ್ನು ಅಲಕ್ಷಿಸಲಾಗಲಿಲ್ಲ. ಬೆಸೆಯುವ ಉಪಕರಣಗಳೂ ಅಷ್ಟರಲ್ಲಿ ಸುಧಾರಿಸಿದ್ದುವು. ಕೋಟ್ಯಂತರ ಹಣವನ್ನು ಅಗಲದ ತಿರುಳಿನ ಎಳೆಯ ಮೇಲೆ ಹೂಡಿದ್ದ ದೊಡ್ಡ ಸಂಸ್ಥೆಗಳು ಹಿಂದುಮುಂದು ನೋಡುತ್ತಿರುವಾಗ, ಹೊಸದಾಗಿ ಕಣಕ್ಕಿಳಿದಿದ್ದ ಎಂಸಿಐ ಕಂಪನಿಯು ೧೯೮೩ರಲ್ಲಿ ಕಾರ್ನಿಂಗಿನಿಂದ ಒಂದು ಲಕ್ಷ ಕಿಲೋಮೀಟರ್ ಏಕಪಥದ ಎಳೆಯನ್ನು ಕೇಳಿತು. ಆ ಒಂದು ಬೇಡಿಕೆಯಿಂದ ವಾದವು ಬಹುಮಟ್ಟಿಗೆ ಮುಗಿಯಿತು. ೧೯೮೮ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ಕಿನ ತಳದಲ್ಲಿ ಟಿಎಟಿ-೮ ಎಂಬ ಮೊದಲ ಗಾಜಿನ ಕೇಬಲ್ ಕೆಲಸಕ್ಕೆ ತೊಡಗಿದಾಗ ಅದು ಹಿಡಿದುದೂ ೧.೩ ಮೈಕ್ರೋಮೀಟರಿನ ಶೂನ್ಯದ ಮಾರ್ಗವನ್ನೇ. ೧೯೫೬ರ ತಾಮ್ರದ ಕೇಬಲ್ಲು ಏಕಕಾಲಕ್ಕೆ ಮೂವತ್ತಾರು ಸಂಭಾಷಣೆಗಳನ್ನು ಒಯ್ದಿದ್ದರೆ, ಇದು ೪೦,೦೦೦ವನ್ನು ಒಯ್ಯಬಲ್ಲದಾಗಿತ್ತು. ಸುಮಾರು ೫೦ ಕಿಲೋಮೀಟರಿಗೊಂದರಂತೆ ಇದ್ದ ಅದರ ರಿಪೀಟರುಗಳು ಸೊರಗಿದ ಸ್ಪಂದವನ್ನು ವಿದ್ಯುತ್ತಾಗಿ ಪರಿವರ್ತಿಸಿ, ಅದರ ಆಕಾರವನ್ನು ಹೊಸದಾಗಿ ಕಡೆದು, ಮತ್ತೆ ಬೆಳಕಾಗಿ ಮುಂದಕ್ಕೆ ಕಳುಹಿಸುತ್ತಿದ್ದುವು. ಹರಡಿಕೆಯ ಲೆಕ್ಕವು ಹೀಗೆ ಐವತ್ತು ಕಿಲೋಮೀಟರಿಗೊಮ್ಮೆ ಚುಕ್ತಾ ಆಗುತ್ತಿತ್ತೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಇದೇ ಕಾಲಕ್ಕೆ ಇನ್ನೊಂದು ಆಸೆ ತಲೆಯೆತ್ತಿತು. ಗಾಜು ಅತ್ಯಂತ ಪಾರದರ್ಶಕವಾಗಿರುವುದು ೧.೫೫ ಮೈಕ್ರೋಮೀಟರಿನಲ್ಲಿ; ಅಲ್ಲಿ ಕ್ಷಯವು ಕಿಲೋಮೀಟರಿಗೆ ೦.೨ ಡೆಸಿಬೆಲ್ ಮಾತ್ರವೆಂದು ಜಪಾನಿನವರು ೧೯೭೯ರಲ್ಲಿಯೇ ತೋರಿಸಿದ್ದರು. ಆದರೆ ಹರಡಿಕೆಯು ಶೂನ್ಯವಾಗುವುದು ೧.೩ರಲ್ಲಿ. ೧.೫೫ರಲ್ಲಿ ಅದು ಒಂದು ನ್ಯಾನೋಮೀಟರ್ ಬಣ್ಣದ ಅಗಲಕ್ಕೆ, ಒಂದು ಕಿಲೋಮೀಟರ್ ದೂರಕ್ಕೆ ೧೭ ಪಿಕೋಸೆಕೆಂಡ್. ಪಿಕೋಸೆಕೆಂಡೆಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು. ಪ್ರಕೃತಿಯು ಎರಡು ವರಗಳನ್ನು ಎರಡು ಕಡೆ ಇಟ್ಟಿತ್ತು. ಅವನ್ನು ಒಂದೆಡೆಗೆ ತರಬಾರದೇಕೆ? ಬೆಳಕಿನ ಒಂದಂಶವು ತಿರುಳಿನಿಂದ ಹೊದಿಕೆಯೊಳಕ್ಕೂ ಚಾಚಿಕೊಂಡು ಸಾಗುವುದರಿಂದ, ಆ ಅಂಶವು ಬಣ್ಣದೊಡನೆ ಹೇಗೆ ವ್ಯತ್ಯಾಸವಾಗುವುದೆಂಬುದನ್ನು ಎಳೆಯ ರಚನೆಯಿಂದ ನಿಯಂತ್ರಿಸಬಹುದು. ಅದರಿಂದ ಹುಟ್ಟುವ ಹರಡಿಕೆಯು ವಸ್ತುವಿನ ಹರಡಿಕೆಗೆ ವಿರುದ್ಧವಾಗಿ ನಿಂತು ಶೂನ್ಯಬಿಂದುವನ್ನು ೧.೫೫ಕ್ಕೆ ಸರಿಸಬಲ್ಲದು. ಬ್ರಿಟನ್, ಜಪಾನ್, ಅಮೆರಿಕ ಮೂರೂ ಕಡೆ ಈ ಯತ್ನ ನಡೆಯಿತು. ಕಾರ್ನಿಂಗಿನಲ್ಲಿ ಭಗವತುಲ ಎಂಬ ಭಾರತೀಯ ನಾಮಧೇಯದ ವಿಜ್ಞಾನಿ ಮತ್ತು ಸಂಗಡಿಗರು ತಿರುಳನ್ನು ಹಲವು ವಲಯಗಳಾಗಿ ವಿಭಾಗಿಸಿ ೧೯೮೩ರಲ್ಲಿ ವರದಿಮಾಡಿದ ವಿನ್ಯಾಸ ಅವುಗಳಲ್ಲೊಂದು. ಅತ್ಯಲ್ಪ ಕ್ಷಯವೂ ಶೂನ್ಯ ಹರಡಿಕೆಯೂ ಒಂದೇ ಬಿಂದುವಿನಲ್ಲಿ ಸೇರಿದ ಈ ಎಳೆಯು ಪರಿಪೂರ್ಣತೆಯಂತೆಯೇ ಕಂಡಿತು. ಜಪಾನ್ ಅದನ್ನು ತನ್ನ ದೇಶದ ಉದ್ದಗಲಕ್ಕೂ ಭಕ್ತಿಯಿಂದ ಹೂಳಿತು.

ಇಲ್ಲಿ ಒಂದು ಗಣಿತವನ್ನು ಹೇಳದೆ ಮುಂದೆ ಹೋಗಲಾಗದು. ಎಷ್ಟೇ ಶುದ್ಧವಾದ ಏಕವರ್ಣದ ಲೇಸರನ್ನು ತಂದರೂ, ಅದನ್ನು ಸ್ಪಂದಗಳಾಗಿ ಕತ್ತರಿಸಿದ ಮಾತ್ರಕ್ಕೆ ಅದರ ಬಣ್ಣ ಅಗಲವಾಗುವುದು. ಸ್ಪಂದ ಕಿರಿದಾದಷ್ಟೂ ಬಣ್ಣ ಅಗಲ. ವೇಗವನ್ನು ಇಮ್ಮಡಿಸಿದರೆ ಹರಡಿಕೆಯೂ ಇಮ್ಮಡಿಯಾಗುವುದು, ಅದನ್ನು ಸಹಿಸುವ ಅವಕಾಶವು ಅರ್ಧಕ್ಕಿಳಿಯುವುದು; ಒಟ್ಟಿನಲ್ಲಿ ಕ್ರಮಿಸಬಹುದಾದ ದೂರವು ಕಾಲುಭಾಗಕ್ಕೆ ಕುಗ್ಗುವುದು. ಸಾಧಾರಣ ಎಳೆಯಲ್ಲಿ ೧.೫೫ರ ಬೆಳಕು ಸೆಕೆಂಡಿಗೆ ೨೫೦ ಕೋಟಿ ಸ್ಪಂದಗಳನ್ನು ಸಾವಿರ ಕಿಲೋಮೀಟರಿನ ಆಸುಪಾಸಿಗೆ ಒಯ್ಯಬಲ್ಲುದಾದರೆ, ೧೦೦೦ ಕೋಟಿಯಂತೆ ಅರುವತ್ತು ಎಪ್ಪತ್ತು ಕಿಲೋಮೀಟರಿಗೇ ದಣಿಯುವುದು. ೪೦೦೦ ಕೋಟಿಗಾದರೆ ನಾಲ್ಕೇ ಕಿಲೋಮೀಟರು. ಇಷ್ಟು ಕ್ರೂರವಾದ ನಿಯಮದ ಎದುರಿಗೆ ಶೂನ್ಯವನ್ನು ಆರಾಧಿಸಿದವರನ್ನು ದೂಷಿಸುವುದು ನ್ಯಾಯವಲ್ಲ.

ಪರಿಸ್ಥಿತಿಯನ್ನು ಬುಡಮೇಲುಮಾಡಿದುದು ೧೯೮೭ರ ಒಂದು ಆವಿಷ್ಕಾರ. ಸೌತಾಂಪ್ಟನ್ನಿನಲ್ಲಿ ಪೇನ್ ಅವರ ತಂಡವೂ ಬೆಲ್ ಪ್ರಯೋಗಾಲಯದಲ್ಲಿ ಡೆಸುರ್ವೀರ್ ಮೊದಲಾದವರೂ ಎರ್ಬಿಯಂ ಎಂಬ ವಿರಳ ಧಾತುವನ್ನು ಗಾಜಿನಲ್ಲಿ ಬೆರಸಿ, ೧.೫೫ ಮೈಕ್ರೋಮೀಟರಿನ ಬೆಳಕನ್ನು ಬೆಳಕಾಗಿಯೇ ವರ್ಧಿಸುವ ಎಳೆಯನ್ನು ತೋರಿಸಿದರು. ಸಂಕೇತವನ್ನು ವಿದ್ಯುತ್ತಾಗಿ ಪರಿವರ್ತಿಸಬೇಕಾಗಿಲ್ಲ. ಒಂದೇ ವರ್ಧಕವು ಹತ್ತಾರು ಬಣ್ಣಗಳನ್ನು ಏಕಕಾಲಕ್ಕೆ ಎತ್ತಬಲ್ಲುದು. ಒಂದೊಂದು ಬಣ್ಣವನ್ನೂ ಒಂದೊಂದು ಪ್ರತ್ಯೇಕ ಮಾರ್ಗವಾಗಿ ಬಳಸಬಹುದೆಂಬ ಹಳೆಯ ಆಸೆಗೆ ಇದರಿಂದ ಜೀವ ಬಂತು. ಆದರೆ ಹೊಸ ವರ್ಧಕವು ಸ್ಪಂದವನ್ನು ಬಲಪಡಿಸುವುದಲ್ಲದೆ ಅದರ ಆಕಾರವನ್ನು ತಿದ್ದದು. ಹಿಂದೆ ಐವತ್ತು ಕಿಲೋಮೀಟರಿಗೊಮ್ಮೆ ತೀರುತ್ತಿದ್ದ ಹರಡಿಕೆಯ ಸಾಲವು ಈಗ ಸಾಗರದ ಈ ದಡದಿಂದ ಆ ದಡದವರೆಗೆ ಸಂಚಯವಾಗುತ್ತ ಹೋಗತೊಡಗಿತು. ಹಾಗಾದರೆ ೧.೫೫ರಲ್ಲಿ ಶೂನ್ಯವಿರುವ ಜಪಾನಿನ ಎಳೆಯೇ ಎಲ್ಲಕ್ಕೂ ಉತ್ತರವಲ್ಲವೆ?

ಅಲ್ಲವೆಂದು ಕಂಡುಕೊಂಡವರು ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದ ಆಂಡ್ರ್ಯೂ ಕ್ರಾಪ್ಲಿವಿ ಮತ್ತು ರಾಬರ್ಟ್ ಟ್ಕಾಚ್. ಬೆಳಕು ಪ್ರಬಲವಾದಾಗ ಗಾಜಿನ ವಕ್ರೀಭವನಾಂಕವು ಆ ಬೆಳಕಿನ ತೀವ್ರತೆಗನುಸಾರವಾಗಿ ಇಷ್ಟಿಷ್ಟು ಬದಲಾಗುವುದು. ಅದರಿಂದಾಗಿ ಮೂರು ಬಣ್ಣಗಳು ಒಂದೇ ಎಳೆಯಲ್ಲಿ ಜೊತೆಯಾಗಿ ನಡೆದರೆ ಅವು ಪರಸ್ಪರ ಬೆರೆತು, ಯಾರೂ ಕಳುಹಿಸದ ನಾಲ್ಕನೆಯದೊಂದು ಬಣ್ಣವನ್ನು ಹುಟ್ಟಿಸುವುವು. ಬಣ್ಣಗಳನ್ನು ಸಮಾನ ಅಂತರದಲ್ಲಿ ಇರಿಸಿದ್ದರೆ ಈ ನಾಲ್ಕನೆಯದು ಇನ್ನೊಬ್ಬರ ಮಾರ್ಗದ ಮೇಲೆಯೇ ಬಂದು ಕೂರುವುದು. ಇದಕ್ಕೆ ಬೇಕಾದ ಅನುಕೂಲವೆಂದರೆ ಆ ಬಣ್ಣಗಳು ಒಂದೇ ವೇಗದಲ್ಲಿ ಹೆಜ್ಜೆಹಾಕುವುದು, ಎಂದರೆ ಹರಡಿಕೆಯಿಲ್ಲದಿರುವುದು. ಹರಡಿಕೆಯಿದ್ದರೆ ಬಣ್ಣಗಳು ಒಂದನ್ನೊಂದು ಬೇಗ ದಾಟಿಹೋಗಿ ಬೆರಕೆಯು ಬಲಗೊಳ್ಳದೆ ಅಳಿಯುವುದು. ಒಂದು ಬಣ್ಣಕ್ಕೆ ಪರಿಪೂರ್ಣವಾಗಿದ್ದ ಎಳೆಯು ಹಲವು ಬಣ್ಣಗಳಿಗೆ ಅತ್ಯಂತ ಅಯೋಗ್ಯವಾದುದೆಂದು ಹೀಗೆ ತಿಳಿಯಿತು. ಇಡೀ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದು ನಿಲ್ಲಿಸುವ ಘಟ್ಟವಿದು. ಇಪ್ಪತ್ತು ವರ್ಷ ಶತ್ರುವೆಂದು ಭಾವಿಸಿ ಅತ್ಯುತ್ತಮ ಬುದ್ಧಿಗಳು ನಿರ್ಮೂಲ ಮಾಡಲು ಹೊರಟಿದ್ದ ಗುಣವೇ ಮಾರ್ಗಗಳನ್ನು ಒಂದರಿಂದೊಂದು ಕಾಯುತ್ತಿದ್ದ ರಕ್ಷಕನಾಗಿತ್ತು. ಅದನ್ನು ತಿಳಿಯುವಷ್ಟರಲ್ಲಿ ಒಂದು ರಾಷ್ಟ್ರದ ನೆಲದಡಿಯಲ್ಲಿ ಅದಿಲ್ಲದ ಗಾಜು ಹಾಸಿಯಾಗಿತ್ತು. ಗಾಜನ್ನು ಅಗೆದು ತೆಗೆಯಲಾಗದು. ಜಪಾನಿನವರು ೧.೫೫ರ ಮಾರ್ಗವನ್ನು ಬಿಟ್ಟು, ೧.೫೭ಕ್ಕೆ ಆಚೆಯ ಬಣ್ಣಗಳಲ್ಲಿ, ಎಂದರೆ ತಮ್ಮ ಎಳೆಗೂ ತುಸು ಹರಡಿಕೆಯಿರುವ ಪ್ರದೇಶದಲ್ಲಿ, ಹಲವರ್ಣದ ವ್ಯವಸ್ಥೆಗಳನ್ನು ಕಟ್ಟಿಕೊಂಡು ಆ ಹೂಡಿಕೆಯನ್ನು ಉಳಿಸಿಕೊಂಡರು. ಅದು ಸಾಮಾನ್ಯ ಜಾಣ್ಮೆಯಲ್ಲ.

ಕ್ರಾಪ್ಲಿವಿ ಮತ್ತು ಟ್ಕಾಚ್ ಸೂಚಿಸಿದ ಪರಿಹಾರ ಎರಡು ಬಗೆಯದು. ೧೭ ಪಿಕೋಸೆಕೆಂಡಿನ ಬದಲಿಗೆ ಕೆಲವೇ ಪಿಕೋಸೆಕೆಂಡುಗಳ, ಆದರೆ ಎಂದಿಗೂ ಶೂನ್ಯವಲ್ಲದ ಹರಡಿಕೆಯುಳ್ಳ ಹೊಸ ಎಳೆಯನ್ನು ನಿರ್ಮಿಸುವುದು ಒಂದು. ಅದು ಟ್ರೂವೇವ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು, ಕಾರ್ನಿಂಗ್ ಕೂಡ ತನ್ನ ಬಗೆಯದನ್ನು ತಂದಿತು. ಎರಡನೆಯದು ಇನ್ನೂ ಗಂಭೀರವಾದುದು: ಮಾರ್ಗದ ಪ್ರತಿಯೊಂದು ಬಿಂದುವಿನಲ್ಲಿಯೂ ಹರಡಿಕೆಯಿರಲಿ, ಆದರೆ ಧನವೂ ಋಣವೂ ಪರ್ಯಾಯವಾಗಿ ಬಂದು ಮಾರ್ಗದ ಕೊನೆಯಲ್ಲಿ ಮೊತ್ತವು ಶೂನ್ಯವಾಗಲಿ. ೧೯೯೩ರಲ್ಲಿ ಅವರು ಎಂಟು ಬಣ್ಣಗಳನ್ನು, ಒಂದೊಂದನ್ನೂ ಸೆಕೆಂಡಿಗೆ ೧೦೦೦ ಕೋಟಿ ಸ್ಪಂದಗಳಂತೆ, ಇಂಥ ಮಾರ್ಗದಲ್ಲಿ ೨೮೦ ಕಿಲೋಮೀಟರ್ ಸಾಗಿಸಿದರು. ಕಡಲಡಿಯ ಕೇಬಲ್ಲುಗಳಲ್ಲಿ ಸಣ್ಣ ಋಣಮೌಲ್ಯದ ಎಳೆಯ ನಡುನಡುವೆ ಸಾಧಾರಣ ಎಳೆಯ ತುಂಡುಗಳನ್ನು ಸೇರಿಸುವುದು ಅಲ್ಲಿಂದ ಪದ್ಧತಿಯಾಯಿತು.

ನೆಲದ ಮೇಲಾದರೋ ಈಗಾಗಲೇ ಹೂಳಿದ್ದ ಕೋಟ್ಯಂತರ ಕಿಲೋಮೀಟರ್ ಸಾಧಾರಣ ಎಳೆಯಿತ್ತು. ಅದಕ್ಕೆ ಹೊರಗಿನಿಂದ ಔಷಧ ಕೊಡಬೇಕಾಗಿತ್ತು. ವಿರುದ್ಧ ಹರಡಿಕೆಯ ಎಳೆಯಿಂದ ಸ್ಪಂದವನ್ನು ಸರಿಪಡಿಸಬಹುದೆಂದು ಬೆಲ್ ಪ್ರಯೋಗಾಲಯದ ಲಿನ್, ಕೋಗೆಲ್ನಿಕ್ ಮತ್ತು ಕೋಹೆನ್ ೧೯೮೦ರಲ್ಲಿಯೇ ಬರೆದಿದ್ದರು. ಹತ್ತು ವರ್ಷ ಅದರ ಅಗತ್ಯ ಒದಗಿರಲಿಲ್ಲ. ಈಗ ಒದಗಿತು. ಸಾಧಾರಣ ಎಳೆಯಲ್ಲಿ ನೀಲಿಯ ಕಡೆಯ ಬಣ್ಣ ಮುಂದೆ ಓಡಿ ಕೆಂಪಿನ ಕಡೆಯದು ಹಿಂದೆ ಬಿದ್ದಿದ್ದರೆ, ಸರಿದೂಗಿಸುವ ಎಳೆಯಲ್ಲಿ ಮುಂದಿನದು ತಡೆಯಲ್ಪಟ್ಟು ಹಿಂದಿನದು ಅದನ್ನು ಬಂದು ಕೂಡಿಕೊಳ್ಳುವುದು. ಕಿಲೋಮೀಟರಿಗೆ ಋಣ ನೂರು ಪಿಕೋಸೆಕೆಂಡಿನ ಸುಮಾರಿನ ಇಂಥ ಎಳೆಯನ್ನು ಹದಿನಾಲ್ಕು ಕಿಲೋಮೀಟರಿನಷ್ಟು ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರೆ ಎಂಬತ್ತು ಕಿಲೋಮೀಟರಿನ ಹರಡಿಕೆ ಕಳೆಯುವುದು. ೧೯೯೦ರ ದಶಕದಲ್ಲಿ ಪ್ರಪಂಚದ ವರ್ಧಕ ಠಾಣೆಗಳೆಲ್ಲ ಈ ಪೆಟ್ಟಿಗೆಗಳಿಂದ ತುಂಬಿದುವು. ಅವುಗಳಿಂದ ಹೊಸ ಕ್ಷಯ, ಆ ಕ್ಷಯಕ್ಕೆ ಹೊಸ ವರ್ಧಕ, ಆ ವರ್ಧಕದಿಂದ ಹೊಸ ಗದ್ದಲ ಎಂಬ ಅನರ್ಥಪರಂಪರೆಯೂ ಇತ್ತು; ಆದುದರಿಂದ ಕಡಿಮೆ ಉದ್ದದಲ್ಲಿ ಅಧಿಕ ಋಣವನ್ನು ಕೊಡುವ ಎಳೆಗಾಗಿ ಶೋಧ ನಡೆಯಿತು. ದೆಹಲಿಯ ಐಐಟಿಯಲ್ಲಿ ತ್ಯಾಗರಾಜನ್, ಘಟಕ್ ಮೊದಲಾದವರು ಒಂದರೊಳಗೊಂದಾಗಿ ಎರಡು ತಿರುಳುಗಳುಳ್ಳ ಎಳೆಯನ್ನು ೧೯೯೬ರಲ್ಲಿ ವಿನ್ಯಾಸಗೊಳಿಸಿ ಋಣ ೫೧೦೦ರವರೆಗೆ ಹೋಗಬಹುದೆಂದು ಗಣಿಸಿದರು. ೨೦೦೦ದಲ್ಲಿ ಫ್ರಾನ್ಸಿನ ಲಿಮೋಜ್ ನಗರದ ಪ್ರಯೋಗಾಲಯದ ಸಹಯೋಗದಿಂದ ತಯಾರಾದ ಎಳೆಯು ಋಣ ೧೮೦೦ನ್ನು ಮುಟ್ಟಿತು. ಕೆನಡಾದಲ್ಲಿ ಕೆನ್ ಹಿಲ್ ೧೯೭೮ರಲ್ಲಿ ಕಂಡಿದ್ದ ಗಾಜಿನ ದ್ಯುತಿಸಂವೇದನೆಯನ್ನು ಬಳಸಿ, ಬಣ್ಣಬಣ್ಣವನ್ನು ಬೇರೆಬೇರೆ ಆಳದಿಂದ ಪ್ರತಿಫಲಿಸುವ ಜಾಲಕವನ್ನು ಎಳೆಯೊಳಗೇ ಕೆತ್ತುವ ಮಾರ್ಗವೂ ಬೆಳೆಯಿತು.

ಈ ನಡುವೆ ಒಂದು ಬೇರೆಯೇ ಪಂಥವಿತ್ತು. ಅಕಿರಾ ಹಸೆಗಾವಾ ಮತ್ತು ಟ್ಯಾಪರ್ಟ್ ೧೯೭೩ರಲ್ಲಿ ಮುಂಗಂಡಂತೆ, ಸ್ಪಂದದ ಬಲವನ್ನೂ ಆಕಾರವನ್ನೂ ತಕ್ಕಷ್ಟಕ್ಕೆ ಹೊಂದಿಸಿದರೆ, ಗಾಜಿನ ತೀವ್ರತಾವಲಂಬಿ ಗುಣವು ಹರಡಿಕೆಯನ್ನು ಸರಿಗಟ್ಟಿ, ಸ್ಪಂದವು ತನ್ನ ರೂಪವನ್ನು ತಾನೇ ಕಾಯ್ದುಕೊಂಡು ಸಾಗುವುದು. ಅದಕ್ಕೆ ಸಾಲಿಟಾನ್ ಎಂದು ಹೆಸರು. ಮಾಲೆನಾವರ್ ೧೯೮೦ರಲ್ಲಿ ಅದನ್ನು ಪ್ರಯೋಗದಿಂದ ತೋರಿಸಿ, ೧೯೮೮ರಲ್ಲಿ ೪೦೦೦ ಕಿಲೋಮೀಟರಿಗೂ ಮೀರಿ ನಡೆಸಿದರು. ಆ ಪ್ರಯೋಗದಲ್ಲಿ ಬೆಳಕಿನ ಕ್ಷಯವನ್ನು ತುಂಬಿಕೊಟ್ಟುದು ರಾಮನ್ ಪರಿಣಾಮ. ೧೯೨೮ರಲ್ಲಿ ಕಲ್ಕತ್ತೆಯಲ್ಲಿ ಅದನ್ನು ಕಂಡು, ಮುಂದೆ ಬೆಂಗಳೂರನ್ನೇ ತಮ್ಮ ಊರಾಗಿ ಮಾಡಿಕೊಂಡ ಸರ್ ಸಿ. ವಿ. ರಾಮನ್ನರ ಹೆಸರು ಅಲ್ಲಿ ಬಂದಿರುವುದು ನಮಗೆ ಹೆಮ್ಮೆಯ ವಿಷಯ. ಸಾಲಿಟಾನ್ ಪಂಥಕ್ಕೂ ಹರಡಿಕೆಯ ಲೆಕ್ಕ ಸರಿದೂಗಿಸುವ ಪಂಥಕ್ಕೂ ಹಲವು ವರ್ಷ ತೀವ್ರ ವಾದ ನಡೆಯಿತು. ವರ್ಧಕಗಳ ಗದ್ದಲದಿಂದ ಸಾಲಿಟಾನುಗಳು ಹೊತ್ತು ತಪ್ಪಿ ತಲಪುವುವೆಂಬ ತೊಡಕು ಆ ಪಂಥವನ್ನು ಕುಗ್ಗಿಸಿತು; ವ್ಯಾಪಾರದಲ್ಲಿ ಎರಡನೆಯದೇ ಗೆದ್ದಿತು. ಸೌಂದರ್ಯದಲ್ಲಿ ಮೊದಲನೆಯದೇ ಮೇಲೆಂದು ನಾನು ಭಾವಿಸುತ್ತೇನೆ.

೨೦೦೧ರಲ್ಲಿ ದೂರಸಂಪರ್ಕದ ಅತಿಹೂಡಿಕೆಯ ಗುಳ್ಳೆ ಒಡೆಯಿತು. ಹೊಸ ಎಳೆಗೆ ಹಣವಿರಲಿಲ್ಲ. ಹೂಳಿದ್ದನ್ನೇ ಹೆಚ್ಚಾಗಿ ದುಡಿಸಬೇಕಾಗಿತ್ತು. ಕೊನೆಯ ತಿರುವು ಬಂದುದು ಆ ಬರಗಾಲದಲ್ಲಿ. ಅದುವರೆಗಿನ ಗ್ರಾಹಕಗಳು ಬೆಳಕಿನ ತೀವ್ರತೆಯನ್ನು ಮಾತ್ರ ಅಳೆಯುತ್ತಿದ್ದುವು. ತರಂಗದ ಕಲೆ, ಎಂದರೆ ಅದು ತನ್ನ ಏರಿಳಿತದ ಯಾವ ಹಂತದಲ್ಲಿದೆಯೆಂಬ ಮಾಹಿತಿ, ಅಲ್ಲಿಯೇ ನಷ್ಟವಾಗುತ್ತಿತ್ತು. ಹರಡಿಕೆಯು ಮೂಲತಃ ಪ್ರತಿಯೊಂದು ಬಣ್ಣದ ಕಲೆಯಲ್ಲಿ ಆಗುವ ನಿಯಮಬದ್ಧವಾದ ಪಲ್ಲಟ. ಕಲೆಯನ್ನು ಉಳಿಸಿಕೊಂಡರೆ ಆ ಪಲ್ಲಟವನ್ನು ಗಣಿತದಿಂದ ಯಥಾವತ್ತಾಗಿ ಹಿಂದಿರುಗಿಸಬಹುದು. ಬಂದ ಬೆಳಕನ್ನು ಸ್ಥಳೀಯ ಲೇಸರಿನೊಡನೆ ಬೆರಸಿ ಕಲೆಸಹಿತವಾಗಿ ಅಳೆದು, ಅನಂತರ ಗಣಕದಿಂದ ತಿದ್ದುವುದು ಸಾಧ್ಯವೆಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮೈಕೇಲ್ ಟೇಲರ್ ೨೦೦೪ರಲ್ಲಿ ತೋರಿಸಿದರು. ಮರುವರ್ಷ ಕೆನಡಾದ ನಾರ್ಟೆಲ್ ಸಂಸ್ಥೆಯವರು ಕಳುಹಿಸುವ ತುದಿಯಲ್ಲಿಯೇ ಸ್ಪಂದವನ್ನು ಲೆಕ್ಕಾಚಾರದಿಂದ ವಿರೂಪಗೊಳಿಸಿ, ಸಾಧಾರಣ ಎಳೆಯಲ್ಲಿ ೫೦೦೦ ಕಿಲೋಮೀಟರಿಗೂ ಹೆಚ್ಚು ದೂರ ಸರಿದೂಗಿಸುವ ಪೆಟ್ಟಿಗೆಯೊಂದೂ ಇಲ್ಲದೆ ನಡೆಸಿದರು. ೨೦೦೮ರಲ್ಲಿ ಅದೇ ಸಂಸ್ಥೆಯ, ಆಟಾವಾದ ಕಿಮ್ ರಾಬರ್ಟ್ಸ್ ಮತ್ತು ಸಂಗಡಿಗರು, ಒಂದು ಬಣ್ಣದ ಮೇಲೆ ಸೆಕೆಂಡಿಗೆ ೪೦೦೦ ಕೋಟಿ ಬಿಟ್ಟುಗಳನ್ನು ಹೊತ್ತು ಬರುವ ಬೆಳಕನ್ನು ಬಂದಬಂದಂತೆ ತಿದ್ದುವ ಸಿಲಿಕಾನ್ ಚಿಪ್ಪನ್ನು ವ್ಯವಹಾರಕ್ಕೆ ತಂದರು. ಎಳೆಯ ಸೂಕ್ಷ್ಮ ಓರೆಕೋರೆಗಳಿಂದ ಬೆಳಕಿನ ಎರಡು ಧ್ರುವೀಕರಣಗಳು ಬೇರೆಬೇರೆ ವೇಗದಲ್ಲಿ ಸಾಗುವುದರಿಂದ ಉಂಟಾಗುವ, ಗಳಿಗೆಗಳಿಗೆಗೂ ಬದಲಾಗುವ ಹರಡಿಕೆಯೂ ಅದೇ ಚಿಪ್ಪಿಗೆ ವಶವಾಯಿತು. ನಾರ್ಟೆಲ್ ಮಾತ್ರ ೨೦೦೯ರ ಆರಂಭದಲ್ಲಿ ದಿವಾಳಿಯಾಯಿತು. ಅದರ ಈ ವಿಭಾಗವು ಸಿಯೆನಾ ಎಂಬ ಕಂಪನಿಯ ಕೈಸೇರಿತು.

ಇದರ ಪರಿಣಾಮವಾಗಿ ಸರಿದೂಗಿಸುವ ಸುರುಳಿಗಳನ್ನು ದಾರಿಯುದ್ದಕ್ಕೂ ಕಿತ್ತುಹಾಕಲಾಯಿತು. ಹೊಸ ಮಾರ್ಗಗಳಲ್ಲಿ ಅವನ್ನು ಇಡುವುದೇ ನಿಂತಿತು. ಹರಡಿಕೆ ಅಧಿಕವಾದಷ್ಟೂ ಬಣ್ಣಗಳ ಬೆರಕೆ ಕಡಿಮೆಯೆಂಬ ಕಾರಣದಿಂದ, ಅದನ್ನು ತಗ್ಗಿಸದೆ ಹಾಗೆಯೇ ಬೆಳೆಯಗೊಟ್ಟು ಕೊನೆಯಲ್ಲಿ ಒಂದೇ ಬಾರಿಗೆ ಗಣಿಸಿ ಕಳೆಯುವುದು ಈಗಿನ ವಿಧಾನ. ೨೦೧೭ರಲ್ಲಿ ವರ್ಜೀನಿಯಾದಿಂದ ಸ್ಪೇನಿನ ಬಿಲ್ಬಾವೋ ಸಮೀಪದವರೆಗೆ ೬೬೦೦ ಕಿಲೋಮೀಟರ್ ಹಾಸಿದ ಮರೇಯಾ ಕೇಬಲ್ಲಿನಲ್ಲಿ ಎಂಟು ಜೊತೆ ಎಳೆಗಳಿವೆ. ಅವುಗಳ ವಿನ್ಯಾಸಿತ ಸಾಮರ್ಥ್ಯವು ಸೆಕೆಂಡಿಗೆ ೧೬೦ ಲಕ್ಷ ಕೋಟಿ ಬಿಟ್ಟು. ಇಂಥ ದೂರವನ್ನು ದಾಟುವ ಹೊತ್ತಿಗೆ ಒಂದು ಸಂಕೇತವು ತನ್ನ ನೆರೆಯ ನೂರಾರು ಸಂಕೇತಗಳ ಮೇಲೆ ಹರಡಿ ಹೋಗಿರುವುದು, ಆದರೂ ದಡದಲ್ಲಿ ಅಷ್ಟನ್ನೂ ಬಿಡಿಸಿ ಓದಲಾಗುವುದು. ೧೯೮೦ರ ದಶಕದಲ್ಲಿ ಹೂಳಿದ, ಹರಡಿಕೆ ಹೆಚ್ಚೆಂದು ಒಂದು ಕಾಲಕ್ಕೆ ಹಳತಾಗಿ ಕಂಡಿದ್ದ ಸಾಧಾರಣ ಎಳೆಯು ಈ ಹೊಸ ಪದ್ಧತಿಗೆ ಚೆನ್ನಾಗಿ ಒಗ್ಗಿದೆ. ಹರಡಿಕೆಯನ್ನು ತಗ್ಗಿಸಲೆಂದೇ ಹೆಚ್ಚು ಬೆಲೆತೆತ್ತು ಹೂಳಿದ ಎಳೆಗಳೇ ಅದಕ್ಕೆ ಅಷ್ಟಾಗಿ ಒಗ್ಗುತ್ತಿಲ್ಲ.

ಶೂನ್ಯಬಿಂದುವಿನ ಕಥೆ ಅಲ್ಲಿಗೆ ತೀರಿಲ್ಲ. ದತ್ತಾಂಶಗಳನ್ನು ಸಂಗ್ರಹಿಸುವ ಬೃಹತ್ ಕಟ್ಟಡಗಳೊಳಗೆ, ಯಂತ್ರದಿಂದ ಯಂತ್ರಕ್ಕೆ ನೂರಾರು ಮೀಟರಿನಿಂದ ಹತ್ತು ಕಿಲೋಮೀಟರಿನವರೆಗಿನ ಕೊಂಡಿಗಳಲ್ಲಿ, ಗಣಿಸಿ ತಿದ್ದುವ ಚಿಪ್ಪಿನ ಬೆಲೆಯೂ ಅದು ಬೇಡುವ ವಿದ್ಯುತ್ತೂ ದುಬಾರಿ. ಅಲ್ಲಿ ಹತ್ತಿರದ ಯಂತ್ರಗಳ ನಡುವೆ ನಿಶಿಜಾವಾ ಕಲ್ಪಿಸಿದ ಕ್ರಮಕ್ರಮದ ವಕ್ರೀಭವನಾಂಕದ ಎಳೆಯೂ, ದೂರದವುಗಳ ನಡುವೆ ೧.೩ ಮೈಕ್ರೋಮೀಟರಿನ ಬೆಳಕೂ ಇಂದಿಗೂ ಕೆಲಸ ಮಾಡುತ್ತಿವೆ. ಆ ಶೂನ್ಯಬಿಂದುವಿನ ಸುತ್ತ ನಾಲ್ಕು, ಎಂಟು ಬಣ್ಣಗಳನ್ನು ಒತ್ತಾಗಿ ಕೂರಿಸಿ ವೇಗವನ್ನು ಏರಿಸುತ್ತ ಬಂದಂತೆ, ಕ್ರಾಪ್ಲಿವಿ ಮತ್ತು ಟ್ಕಾಚ್ ಎದುರಿಸಿದ್ದ ನಾಲ್ಕನೆಯ ಬಣ್ಣದ ಬೆರಕೆಯು ಅಲ್ಲಿಯೂ ಕಾಣಿಸಿಕೊಂಡಿದೆ. ಬಣ್ಣಗಳ ಅಂತರವನ್ನು ಎಷ್ಟಿಡಬೇಕು, ಅವುಗಳ ಧ್ರುವೀಕರಣವನ್ನು ಹೇಗೆ ಜೋಡಿಸಬೇಕು, ಶೂನ್ಯದಿಂದ ಎಷ್ಟು ದೂರ ನಿಲ್ಲಬೇಕು ಎಂಬುದನ್ನು ಮಾನಕಗಳನ್ನು ರಚಿಸುವ ಸಮಿತಿಗಳು ಈಗ ಪರಿಶೀಲಿಸುತ್ತಿವೆ.